ಚಿಕಲಠಾಣಾದಲ್ಲಿ ಸುಶಿ ಹುಡುಕಿದ್ದು

ಸಿಡ್ಕೊ, ಛತ್ರಪತಿ ಸಂಭಾಜಿನಗರ
೧೮ ಡಿಸೆಂಬರ್ ೨೦೨೫

ಚಿ. ವೈಷ್ಣವಿಗೆ ನಿನ್ನವ್ವನ ತುಂಬು ಆಶೀರ್ವಾದಗಳು.

ಬಸವಣ್ಣನ ದಯದಿಂದ ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನಾಸಿಕದಲ್ಲಿ ಈ ಸಲ ಚಳಿ ಜೋರಂತೆ. ಸ್ವೆಟರ್ ಹಾಕಿಕೊಳ್ಳುತ್ತೀಯಾ ಎಂದು ಕೇಳಿದರೆ ನೀನು ಹೂಂ ಅನ್ನುತ್ತೀ, ಹಾಕಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಮುಖ ಊದಿಸಿಕೊಳ್ಳಬೇಡ. ದೀಪಾವಳಿ ಮುಗಿಸಿ ನೀನು ಹೋದ ಮೇಲೆ ಒಂದು ಜ್ವರ ಬಂದು ನನ್ನನ್ನು ಮಲಗಿಸಿತ್ತು. ಅದು ಬಿಟ್ಟುಹೋಗಿ ಈಗ ನೆಟ್ಟಗೆ ಓಡಾಡಿಕೊಂಡಿದ್ದೇನೆ. ಆಮೇಲಿನ ತಡಕ್ಕೆ ಕಾರಣ ನಾನಲ್ಲ, ನಿನ್ನ ಜಪಾನಿ ಸುಶಿ.

ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತಲ್ಲ ಅನ್ನಬೇಡ. ನಿಮ್ಮಪ್ಪನ ಚಾಳಿ ನಿನಗೆ ಗೊತ್ತೇ ಇದೆ. ಫೋನ್ ಬಂತೆಂದರೆ ಸ್ಪೀಕರ್ ಹಾಕು ಅನ್ನುತ್ತಾರೆ, ಹಾಕಿದ ಮೇಲೆ ತಾವೇ ಮಾತಾಡುತ್ತಾರೆ. ಕಾಗದವಾದರೆ ನಾನೊಬ್ಬಳೇ ಮಾತಾಡಬಹುದು. ನೀನು ಬಾಯಿ ಬಿಟ್ಟರೆ ಅರ್ಧ ಮರಾಠಿ ಬರುತ್ತದೆ, ಆದರೂ ಬೆತ್ತ ಹಿಡಿದು ಕನ್ನಡ ಓದಲು ಕಲಿಸಿದ್ದಕ್ಕೆ ಇವತ್ತು ನನಗೆ ನಾನೇ ಶಾಭಾಸ್ ಅಂದುಕೊಂಡೆ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ನಿಧಾನ ಓದು.

ನೀನು ಕೇಳಿದ್ದು ನೇರ ಮಾತು. ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳು ಬರುತ್ತಿವೆ, ಜಪಾನಿನ ಜನ ಬಂದು ಹೋಗಿ ಮಾಡುತ್ತಾರೆ, ಚಿಕಲಠಾಣಾದಲ್ಲಿ ಒಂದು ಜಾಗ ಸಿಗುವಂತಿದೆ. ನಾಸಿಕದ ಹೋಟೆಲಿನ ಕೆಲಸ ಬಿಟ್ಟು ಬಂದು ಅಲ್ಲಿ ನಿನ್ನದೇ ಜಪಾನಿ ಊಟದ ಮನೆ ತೆರೆಯಬಹುದೇ ಎಂಬುದು. ಜಾಗದವರಿಗೆ ಸಂಕ್ರಾಂತಿಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಅದಕ್ಕೆ ಮೊದಲು ನಮ್ಮ ಕಡೆ ಒಳ್ಳೆಯ ಸುಶಿ ಎಲ್ಲಾದರೂ ಸಿಗುತ್ತದೆಯೇ, ನೀನೇ ತಿಂದು ನೋಡಿ ಬರೆ, ನನಗೆ ನಂಬಿಕೆಯಿರುವುದು ನಿನ್ನ ನಾಲಿಗೆಯ ಮೇಲೆ ಎಂದು ಬರೆದಿದ್ದೆ. ನೀನು ಬರೆಯದೆ ಬಿಟ್ಟ ಮಾತೂ ನನಗೆ ಕಾಣಿಸಿತು. ಹೆತ್ತ ಅಪ್ಪನೇ ನನ್ನ ಕೈಯಡುಗೆ ಮುಟ್ಟದ ಊರಿನಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಊಟದ ಅಂಗಡಿ ತೆರೆಯಲಿ ಎಂಬ ಮಾತು.

ಅದರ ಬಗ್ಗೆ ನಿಮ್ಮಪ್ಪನೊಂದಿಗೆ ನಾನು ಜಗಳಾಡದ ದಿನವಿಲ್ಲ. ನೀನು ಅಲ್ಲಿ ಮೀನು ಕತ್ತರಿಸುವ ಕೆಲಸಕ್ಕೆ ಸೇರಿದ ದಿನದಿಂದ ಅವರು ನಿನ್ನ ಕೈಯ ಒಂದು ತುತ್ತು ಉಂಡಿಲ್ಲ. ಬೈದರೆ ಬೈದರು ಎಂದಾದರೂ ಆಗುತ್ತಿತ್ತು, ಬೈಯುವುದೂ ಇಲ್ಲ. ನಗುನಗುತ್ತಾ ಮಾತಾಡುತ್ತಾರೆ, ಮೋಂಢಾ ಪೇಟೆಯ ತಮ್ಮ ಕಾಳಿನ ಅಂಗಡಿಯಿಂದ ಒಳ್ಳೆಯ ತೊಗರಿಬೇಳೆ ಆರಿಸಿ ನಿನಗೆ ಕಳಿಸುತ್ತಾರೆ, ಬಸ್ ಸ್ಟ್ಯಾಂಡಿಗೆ ಬಂದು ನಿನ್ನ ಚೀಲ ಹೊರುತ್ತಾರೆ. ಆದರೆ ನೀನು ಒಲೆಯ ಮುಂದೆ ನಿಂತೆಯೆಂದರೆ ಅವರಿಗೆ ಹೊಟ್ಟೆನೋವು ಶುರು. ಈ ದೀಪಾವಳಿಗೂ ನೀನು ಬಿಸಿಬಿಸಿ ಶೇಂಗಾ ಹೋಳಿಗೆ ತಟ್ಟೆಗೆ ಹಾಕಿದಾಗ "ಹೊಟ್ಟಿ ಯಾಕೋ ಸರಿ ಇಲ್ಲವ್ವ" ಅಂದು ಎದ್ದುಬಿಟ್ಟರು. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆ ಹೊತ್ತು ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಸುಶಿಯ ಸುದ್ದಿಗೆ ಬರುತ್ತೇನೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಅಶ್ವಿತಾಳನ್ನು ನೀನು ನೋಡಿದ್ದೀ. ದಾವಣಗೆರೆಯ ಹುಡುಗಿ, ಬ್ಯಾಂಕಿನಲ್ಲಿದ್ದಾಳೆ, ವರ್ಗವಾಗಿ ಬಂದು ನಮ್ಮ ಪಾಲಿಗೆ ಸಿಕ್ಕಿದ್ದಾಳೆ. ಅವಳಿಗೆ ವಿಷಯ ಹೇಳಿದೆ. "ಆಂಟಿ, ನೀವು ಸುಶಿ ತಿಂತೀರಾ? ನಂಗೆ ರಜಾ ಹಾಕಿಯಾದ್ರೂ ಬರಬೇಕು" ಅಂದಳು. ಅವಳೇ ಫೋನಿನಲ್ಲಿ ಹುಡುಕಿ ಜಾಲನಾ ರೋಡಿನ ಒಂದು ದೊಡ್ಡ ಹೋಟೆಲಿಗೆ ಸ್ಕೂಟರಿನಲ್ಲಿ ಕರೆದೊಯ್ದಳು. ನಿಮ್ಮಪ್ಪನಿಗೆ ಬ್ಲೌಸ್ ಪೀಸ್ ತರಲು ಹೋಗುತ್ತೇನೆ ಅಂದಿದ್ದೆ.

ಆ ಹೋಟೆಲಿನ ಕಾರ್ಡಿನಲ್ಲಿ ಇಲ್ಲದ ದೇಶವಿಲ್ಲ ವೈಷ್ಣವಿ. ಒಂದು ಬದಿಗೆ ಪಿಜ್ಜಾ, ಒಂದು ಬದಿಗೆ ಮಂಚೂರಿ, ನಡುವೆ ಜಪಾನು. ತಂದಿಟ್ಟದ್ದು ಪನೀರ್ ಸುಶಿ. ಅನ್ನದ ಬಿಲ್ಲೆಗಳ ಮೇಲೆ ಬಿಳಿಯ ಮೇಯೊನೀಸ್ ಹಾವಿನಂತೆ ಹರಿದಿತ್ತು, ಅದರ ಮೇಲೆ ಕೆಂಪು ಪುಡಿ ಉದುರಿಸಿದ್ದರು. "ಆಂಟಿ, ಇದು ಚಾಟ್ ಮಸಾಲಾ" ಎಂದು ಅಶ್ವಿತಾ ಹಣೆ ಚಚ್ಚಿಕೊಂಡಳು. ನಾನು ಅವರು ಕೊಟ್ಟ ಜೋಡಿ ಕಡ್ಡಿಯಿಂದ ಎತ್ತಲು ಹೋದರೆ ಬಿಲ್ಲೆ ಬಿಚ್ಚಿಕೊಂಡು ಪನೀರೊಂದು ಕಡೆ, ಅನ್ನವೊಂದು ಕಡೆ. ಅನ್ನ ಮುದ್ದೆಯಾಗಿತ್ತು, ಬಿಸಿಯೂ ಇತ್ತು. ಸುಶಿಯ ಅನ್ನ ಕೈಯ ಬಿಸಿಯಷ್ಟೇ ಇರಬೇಕು ಎಂದು ನೀನು ಒಂದು ಸಲ ಹೇಳಿದ್ದು ನೆನಪಿತ್ತು. ಅದನ್ನು ಲೆಕ್ಕದಿಂದ ಬಿಡು.

ಎಡವಟ್ಟಾದದ್ದು ಆಮೇಲೆ. ನಾನು ಕಡ್ಡಿ ಹಿಡಿದುಕೊಂಡು ಕಣ್ಣು ಕಿರಿದು ಮಾಡಿದ ಫೋಟೊವನ್ನು ಅಶ್ವಿತಾ ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ್ದಳು. ಅವಳ ಬ್ಯಾಂಕಿಗೆ ಹೋಗಿಬರುವ, ನಿಮ್ಮಪ್ಪನ ಪಕ್ಕದ ಅಂಗಡಿಯ ನಿಂಗಣ್ಣ ಅದನ್ನು ಅವರಿಗೇ ತೋರಿಸಿದ್ದಾನೆ. ಮನೆಗೆ ಬಂದವರೇ ಟೋಪಿ ತೆಗೆಯದೆ ಕೇಳಿದರು.

"ಬ್ಲೌಸ್ ಪೀಸ್ ಕಡ್ಡೀಲೆ ಉಣ್ತಾರೇನು? ಮೋಂಢಾದಾಗ ಎಲ್ಲಾರೂ ನಗ್ಲಾಕತ್ತಾರ."

ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಎಲ್ಲ ಹೇಳಿಬಿಟ್ಟೆ. ಮಗಳು ಇಲ್ಲಿಗೆ ಬರಬೇಕಂತಾಳೆ, ಚಿಕಲಠಾಣಾದಲ್ಲಿ ಜಾಗ ನೋಡಿದ್ದಾಳೆ, ನೀವು ಉಣ್ಣುವುದಿಲ್ಲವೆಂದು ಹಿಂದೆ ಸರಿಯುತ್ತಿದ್ದಾಳೆ ಎಂದೂ ಹೇಳಿದೆ. ಕಡೆಯದು ನೀನು ಹೇಳದ ಮಾತು, ನಾನೇ ಸೇರಿಸಿದೆ. ಅವರು ಟೋಪಿ ಗೂಟಕ್ಕೆ ಹಾಕಿ, ಕೈಕಾಲು ತೊಳೆದು ಬಂದು ಕೂತರು. ಚಹಾ ಕುಡಿದು ಮುಗಿಸಿದ ಮೇಲೆ, "ಮುಂದಿನ ಸಲ ನಾನೂ ಬರ್ತೀನಿ. ಯಾವ ಅಕ್ಕಿ ಹಾಕ್ತಾರ ನೋಡಬೇಕು" ಅಂದರು.

ಎರಡನೆಯದು ನಮ್ಮ ಸಿಡ್ಕೊದ ಕನಾಟ್ ಪ್ಲೇಸಿನ ಒಂದು ಸಣ್ಣ ಕೆಫೆ, ಕಾಲೇಜು ಹುಡುಗರು ತುಂಬಿಕೊಂಡಿದ್ದರು. ನಿಮ್ಮಪ್ಪ ಧೋತರ ಎತ್ತಿ ಆ ಎತ್ತರದ ಸ್ಟೂಲಿನ ಮೇಲೆ ಹತ್ತಿ ಕೂತದ್ದನ್ನು ನೀನು ನೋಡಬೇಕಿತ್ತು. ಸೌತೆಕಾಯಿಯ ಸುಶಿ ತರಿಸಿದೆವು. ಸುತ್ತ ಹಾಕಿದ್ದ ಕಪ್ಪು ಹಾಳೆಯನ್ನು ಬೆರಳಿನಿಂದ ಮುಟ್ಟಿ, ಇದೇನು ಅಂದರು. ಸಮುದ್ರದ ಸೊಪ್ಪು ಎಂದು ಅಶ್ವಿತಾ ಹೇಳಿದಳು.

"ಸಮುದ್ರದಾಗ ಹುಟ್ಟಿದ್ದು ಕಾಯಿಪಲ್ಲೆ ಹ್ಯಾಂಗಾಗ್ತದ?"

"ಉಪ್ಪೂ ಅಲ್ಲೇ ಹುಟ್ತದಲ್ರಿ, ದಿನಾ ತಿನ್ನಲ್ಲೇನ್ ನೀವು?" ಅಂದೆ.

ಅಶ್ವಿತಾ ನಕ್ಕಳು. ಅವರು ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡರು. ತಿಂದು, ಒಂದು ಅಗುಳನ್ನು ಉಗುರಿನಲ್ಲಿ ಸೀಳಿ, "ಇದು ನುಚ್ಚಿನ ಅಕ್ಕಿ. ಫ್ರಿಜ್ಜಿನಾಗ ಇಟ್ಟು ತಗದಾರ. ನಡುವ ಗಟ್ಟಿ ಉಳದದ ನೋಡು" ಎಂದು ನನ್ನ ಕೈಗೆ ಹಾಕಿದರು. ಹೌದು, ಅಗುಳು ತಣ್ಣಗೆ ಹರಳಿನಂತಿತ್ತು. ಹುಳಿ ಬಹಳ ಜಾಸ್ತಿ ಎಂದು ಅಶ್ವಿತಾ ಅಂದಳು. ಮನೆಗೆ ಬರುವ ದಾರಿಯುದ್ದಕ್ಕೂ ನಿಮ್ಮಪ್ಪ ಗೊಣಗಿದರು. "ವೈಷ್ಣವಿ ಹಿಂಗ ಮಾಡ್ತಿರಲಿಲ್ಲ" ಅಂದರು.

"ನೀವು ಅಕಿ ಮಾಡಿದ್ದು ಯಾವಾಗ ತಿಂದೀರಿ?" ಎಂದು ಕೇಳಿದೆ. ಅವರು ಆಟೋದವನ ಕನ್ನಡಿಯತ್ತ ಮುಖ ತಿರುಗಿಸಿದರು. ನನಗೆ ಅಯ್ಯೋ ಅನ್ನಿಸಿತು, ಆದರೆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮೂರನೆಯದು ವಿಮಾನ ನಿಲ್ದಾಣದ ಹತ್ತಿರದ ಹೋಟೆಲು. ಬಿಡಕಿನ್‌ಗೆ ಬರುವ ಜಪಾನಿನವರು ಇಳಿದುಕೊಳ್ಳುವುದು ಅಲ್ಲೇ. ಅಶ್ವಿತಾ ಬ್ಯಾಂಕ್ ಮುಗಿಸಿ ನೇರ ಅಲ್ಲಿಗೇ ಬರುತ್ತೇನೆ ಅಂದಿದ್ದಳು, ನಾವಿಬ್ಬರು ಮೊದಲೇ ಹೋಗಿ ಕೂತೆವು. ಮೂಲೆಯ ಮೇಜಿನಲ್ಲಿ ಜಪಾನಿನ ಹಿರಿಯರೊಬ್ಬರು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತುಟಿಗೆ ಹಚ್ಚಿ ಕುಡಿಯುತ್ತಿದ್ದರು. ನಿಮ್ಮಪ್ಪನಿಗೆ ಅದು ಬಹಳ ಹಿಡಿಸಿತು. "ನಮ್ಮ ಮುತ್ಯಾ ಅಂಬಲಿ ಹಿಂಗೇ ಕುಡೀತಿದ್ದ" ಅಂದರು. ನಮಗೂ ಅದೇ ಬೇಕು ಎಂದು ವೇಟರನನ್ನು ಕರೆದು, ಪೂರ್ತಿ ಶಾಕಾಹಾರಿ ತಾನೇ ಎಂದು ಮರಾಠಿಯಲ್ಲಿ ಎರಡೆರಡು ಸಲ ಕೇಳಿದರು.

"ಹೋ ಕಾಕಾ, ಪ್ಯೂರ್ ವೆಜ್. ಕಾಂದಾ-ಲಸೂಣ ಸುದ್ಧಾ ನಾಹೀ" ಅಂದ ಅವನು.

ಉಳ್ಳಾಗಡ್ಡಿ ಬೆಳ್ಳುಳ್ಳಿಯೇ ಇಲ್ಲ ಅಂದ ಮೇಲೆ ನಮ್ಮಂಥವರು ಮುಂದಿನದನ್ನು ಏಕೆ ಕೇಳುತ್ತೇವೆ? ನಮ್ಮ ಜನಕ್ಕೆ ಶುದ್ಧ ಅಂದರೆ ಅಲ್ಲಿಗೆ ಮುಗಿಯಿತು. "ಇವರು ನಮ್ಮಕಿಂತ ಕಡಕ್ ಇದಾರ" ಎಂದು ನಿಮ್ಮಪ್ಪ ಖುಷಿಪಟ್ಟರು. ತಿಳಿ ಸಾರಿನ ಬಟ್ಟಲು ಬಂತು, ತೋಫು ಎಂಬ ಸೋಯಾ ಪನೀರಿನ ಬಿಳಿ ತುಂಡುಗಳು ತೇಲುತ್ತಿದ್ದವು. ನಾನು ಅರ್ಧ ಕುಡಿದಾಗಿತ್ತು. ಅವರು ಬಟ್ಟಲನ್ನು ಬಾಯಿಯ ತನಕ ಎತ್ತಿ ನಿಲ್ಲಿಸಿದರು.

"ಏನರ ವಾಸನಿ ಬಂದಂಗ ಆಗ್ತದಲ್ಲ?"

"ನನಗೇನೂ ಬರವಲ್ದು. ಆರತದ, ಕುಡೀರಿ" ಅಂದೆ. ಅವರು ಕುಡಿದರು.

ಆಮೇಲೆ ಬಂದ ತರಕಾರಿಯ ಸುಶಿ ನಿಜವಾಗಿ ಸುಶಿಯ ಹಾಗಿತ್ತು. ಅನ್ನ ಬಿಡಿಬಿಡಿಯಾಗಿಯೂ ಇತ್ತು, ಅಂಟಿಕೊಂಡೂ ಇತ್ತು. ಕಡ್ಡಿಯಲ್ಲಿ ಎತ್ತಿದರೆ ಒಡೆಯಲಿಲ್ಲ, ಬಾಯಲ್ಲಿ ಇಟ್ಟರೆ ಬಿಚ್ಚಿಕೊಂಡಿತು. ಇದು ಒಪ್ಪತಕ್ಕದ್ದು ಎಂದು ನಿಮ್ಮಪ್ಪ ತಲೆಯಾಡಿಸುವ ಹೊತ್ತಿಗೆ ಅಶ್ವಿತಾ ಬಂದಳು. ಬಟ್ಟಲು ನೋಡಿದ್ದೇ ಅವಳ ಮುಖ ಬದಲಾಯಿತು. ಕೂರುವ ಮೊದಲೇ ವೇಟರನನ್ನು ಕರೆದು, ಸಾರಿಗೆ ನೀರು ಯಾವುದು, ಒಳಗೆ ಕೇಳಿ ಬಾ ಅಂದಳು. ಒಳಗಿನಿಂದ ಅಡುಗೆಯವನೇ ಬಂದ. ಒಣ ಮೀನಿನ ಎಸಳು ಕುದಿಸಿ ಸೋಸಿದ ನೀರು, ಮೀನಿನ ತುಂಡು ಒಂದೂ ಇರುವುದಿಲ್ಲ, ಅದಕ್ಕೇ ವೆಜ್ ಪಟ್ಟಿಯಲ್ಲಿ ಇಟ್ಟಿದ್ದೇವೆ ಎಂದು ಬಹಳ ಮರ್ಯಾದೆಯಿಂದ ಹೇಳಿದ.

ನಿಮ್ಮಪ್ಪ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂಗಿಯ ಒಳಗೆ ಇಷ್ಟಲಿಂಗವಿದ್ದ ಕಡೆ ಕೈ ಇಟ್ಟುಕೊಂಡರು. ಎದ್ದು ಹೊರಗೆ ಹೋಗಿ ಗೇಟಿನ ಹತ್ತಿರ ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ಅಶ್ವಿತಾ ಅಳುತ್ತಾ "ಅಂಕಲ್, ನಾನು ಮೊದಲೇ ಹೇಳಬೇಕಿತ್ತು" ಅಂದಾಗ ಅವಳ ತಲೆ ಸವರಿದರು. ಮನೆಗೆ ಬಂದು ಈ ಚಳಿಯಲ್ಲಿ ತಣ್ಣೀರು ಸುರಿದುಕೊಂಡು ಪೂಜೆಗೆ ಕೂತರು. ನಾನೂ ಸ್ನಾನ ಮಾಡಿದೆ. ಆ ರಾತ್ರಿ ಒಲೆ ಹಚ್ಚಲಿಲ್ಲ.

ಮುಂದಿನ ದಿನಗಳಲ್ಲಿ ಅವರು ಅಂಗಡಿಗೆ ಹೋದರು, ಬಂದರು, ಹೂಂ ಉಹೂಂ ಬಿಟ್ಟರೆ ಮಾತಿಲ್ಲ. ನಿನ್ನ ವಿಷಯ ಇಲ್ಲಿಗೆ ಮುಗಿಯಿತು ಎಂದು ನಾನು ಆಸೆ ಬಿಟ್ಟೆ. ಎಷ್ಟೋ ಸಲ ಪೆನ್ನು ಹಿಡಿದು, ಬರಬೇಡ, ನಾಸಿಕದಲ್ಲೇ ಇರು ಎಂದು ಬರೆಯಲು ಕೂತೆ. ಕೈ ಓಡಲಿಲ್ಲ. ಉತ್ತರ ತಡವಾದದ್ದು ಇದಕ್ಕೇ.

ಹೋದ ಭಾನುವಾರ ಬಿಸಿಲಿಗೆ ಕೂತು ಮೊರದಲ್ಲಿ ಹೆಸರುಕಾಳು ನೋಡುತ್ತಿದ್ದರು. ನಾನು ಕೇಳದೆಯೇ ಬಾಯಿ ಬಿಟ್ಟರು.

"ಆ ಅಡಗಿಯಂವ ಸುಳ್ಳ ಹೇಳಲಿಲ್ಲ ನೋಡು. ಅವಗ ಮೀನ ಗೊತ್ತಿತ್ತು, ನಾವ್ ಗೊತ್ತಿರಲಿಲ್ಲ. ನಮ್ ಹುಡಗಿಗಿ ಎರಡೂ ಗೊತ್ತದ."

ಅವರು ಮೊರ ಕೇರುತ್ತಲೇ ಇದ್ದರು.

"ಅಕಿ ಆಗಿದ್ರ ಬಟ್ಟಲ ಮುಂದ ಇಡೂಕಿಂತ ಮೊದಲೇ ಹೇಳ್ತಿದ್ಲು, ಅಪ್ಪಾ ಇದು ನಿಂದಲ್ಲ ಅಂತ. ಮೀನ ಮುಟ್ಟತಾಳಂತ ನಾ ಅಕಿ ಕೈದು ಉಣ್ಣೂದು ಬಿಟ್ಟೆ. ಮೀನಿನ ಗುರ್ತ ಇದ್ದೋರೇ ನಮಗ ಕಾಯ್ಬೇಕು ಅಂತ ಈಗ ತಿಳೀತು."

"ಹಂಗಾದ್ರ ಬಾ ಅಂತ ಬರೀಲೇನ್ರಿ?"

"ಬರಿ. ಒಂದ ಮಾತ ಕೇಳು. ನಮ್ಮಂಥೋರಿಗಿ ಒಂದ ಹಲಗಿ, ಒಂದ ಚೂರಿ, ಒಂದ ಬೋಗಾಣಿ ಬ್ಯಾರೆ ಇಡ್ತಾಳೇನು? ಇಟ್ರ ನಾ ದಿನಾ ಮಧ್ಯಾಹ್ನ ಬಂದು ಅಲ್ಲೇ ಉಣ್ತೀನಿ. ಎಲ್ಲಾರ ಮುಂದ ಕೂತು ಉಣ್ತೀನಿ, ನೋಡ್ಲಿ ಮೋಂಢಾದವರು."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡರೆ, ಕಾಳಿನ ದೂಳು ಬಿತ್ತೇನು ಎಂದು ಕೇಳುತ್ತಾರೆ ಮಹಾರಾಯರು. ಅಂದಿನಿಂದ ಅಕ್ಕಿಯ ಹುಚ್ಚು ಹಿಡಿದಿದೆ. ಮೋಂಢಾದಲ್ಲಿ ಸಿಗುವ ಗುಂಡು ಕಾಳಿನ ಅಕ್ಕಿಯನ್ನೆಲ್ಲ ಪುಡಿಕೆ ಕಟ್ಟಿ ತರುತ್ತಾರೆ, ನಾನು ಬೇಯಿಸಬೇಕು, ಅವರು ಉಂಡೆ ಕಟ್ಟಿ ಸಂಜೆಯ ತನಕ ಬಿಟ್ಟು ನೋಡಬೇಕು. ಇಂದ್ರಾಯಣಿ ಅಕ್ಕಿ ಒಡೆಯದೆ ನಿಲ್ಲುತ್ತದೆಯಂತೆ. ಅದನ್ನು ನಿನ್ನ ತಪಾಸಣೆಗೆ ಕಳಿಸುತ್ತಾರೆ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇಷ್ಟು. ನಮ್ಮ ಕಡೆ ಒಳ್ಳೆಯ ಸುಶಿ ಒಂದೇ ಕಡೆ ಇದೆ, ಅದು ಹೋಟೆಲಿನಲ್ಲಿ ಇಳಿದುಕೊಂಡವರಿಗೆ. ಮನೆಮಂದಿ ಹೋಗಿ ಧೈರ್ಯವಾಗಿ ಉಣ್ಣುವಂಥದ್ದು ಒಂದೂ ಇಲ್ಲ. ಅದನ್ನು ನೀನು ಮಾಡು. ಜಾಗದವರಿಗೆ ಹೂಂ ಅನ್ನು. ಹಲಗೆ ಚೂರಿಯ ಮಾತಿಗೆ ನಿಮ್ಮಪ್ಪನಿಗೆ ನೀನೇ ಫೋನ್ ಮಾಡಿ ಹೇಳು, ಸ್ಪೀಕರಿನಲ್ಲಿ ನಾನೂ ಕೇಳುತ್ತೇನೆ.

ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಊರವರಿಗೆಲ್ಲ ಬಡಿಸಿ ಕಡೆಗೆ ಬ್ರೆಡ್ಡು ತಿಂದು ಮಲಗಬೇಡ. ಬಸವಣ್ಣ ನಿನ್ನ ಕೈಗೆ ಯಶಸ್ಸು ಕೊಡಲಿ, ನೀನು ಹಚ್ಚಿದ ಒಲೆ ಆರದಿರಲಿ, ನಿನ್ನ ಬಾಗಿಲಿಗೆ ಬಂದವರು ಹಸಿದು ಹೋಗದಿರಲಿ.

ಇಂತಿ ನಿನ್ನ ಅವ್ವ,
ಪ್ರೇಮಾಬಾಯಿ ಮನ್ಮಥಪ್ಪ

ತಾ.ಕ.: ಇದು ಮರೆತು ಬಿಟ್ಟ ಮಾತಲ್ಲ, ಮೇಲೆ ಬರೆಯಲು ಧೈರ್ಯವಾಗದ್ದು. ವೈಷ್ಣವಿ, ಆ ಜ್ವರ ಹೋಗುವಾಗ ನನ್ನ ಮೂಗು ನಾಲಿಗೆ ಎರಡನ್ನೂ ತೆಗೆದುಕೊಂಡು ಹೋಯಿತು. ಉಪ್ಪು, ಹುಳಿ, ಖಾರ, ಸಿಹಿ ಯಾವುದೂ ತಿಳಿಯುವುದಿಲ್ಲ. ಒಗ್ಗರಣೆ ಸೀದರೆ ಹೊಗೆ ಕಂಡ ಮೇಲೆ ಗೊತ್ತಾಗುತ್ತದೆ. ಆ ಸಾರಿನ ವಾಸನೆ ಅವರಿಗೆ ಬಂದಿತ್ತು, ನನಗೆ ಬರಲಿಲ್ಲ. ಹೇಗಿದೆ ಎಂದು ಮೇಲೆ ಬರೆದದ್ದರಲ್ಲಿ ಕೈಗೆ ಬಾಯಿಗೆ ಮೆತ್ತಗೆ ಗಟ್ಟಿ ತಾಗಿದ್ದು ನನ್ನದು, ಉಳಿದದ್ದು ಅವರಿಬ್ಬರದು. ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಬಂದೆ. ತಿರುಗಿ ಬರಬಹುದು, ಬರದೆಯೂ ಇರಬಹುದು ಅಂದರು. ನಿಮ್ಮಪ್ಪನಿಗೆ ಹೇಳಿಲ್ಲ. ಆದರೆ ಮೊನ್ನೆ ಅಶ್ವಿತಾಗೆ ಬೇಳೆಯ ಸಾರು ಕೊಟ್ಟರೆ "ಆಂಟಿ, ಉಪ್ಪೇ ಹಾಕಿಲ್ಲ" ಅಂದಳು. ಅದೇ ಸಾರನ್ನು ನಿಮ್ಮಪ್ಪ ಎರಡು ಸಲ ಹಾಕಿಸಿಕೊಂಡು ಉಂಡು, "ಛಲೋ ಆಗ್ಯದ" ಎಂದು ಅಂಗಡಿಗೆ ಹೋಗಿದ್ದರು. ಎಷ್ಟು ದಿನದಿಂದ ಹೀಗೆ ಉಣ್ಣುತ್ತಿದ್ದಾರೋ ಗೊತ್ತಿಲ್ಲ, ಕೇಳುವ ಧೈರ್ಯ ನನಗಿಲ್ಲ. ನೀನು ಬಾ ಮಗಳೇ. ಅವರಿಗೆ ಬಡಿಸು, ಅವರು ಉಣ್ಣುತ್ತಾರೆ. ನನಗೂ ಬಡಿಸು, ನಾನೂ ಉಣ್ಣುತ್ತೇನೆ. ಹೆಂಗಾಗ್ಯದವ್ವಾ ಅಂತ ನನ್ನೊಬ್ಬಳನ್ನು ಕೇಳಬೇಡ.